ಯಂತ್ರದ ತಾಳ, ಮನುಷ್ಯನ ಬೆರಳು

ನಮ್ಮ ಆಲಂಕಾರಿಕರು ಪುನರುಕ್ತಿಯನ್ನು ಕಾವ್ಯದೋಷಗಳಲ್ಲಿ ಎಣಿಸಿದರು. ಸಂಗೀತದಲ್ಲಿ ಮಾತ್ರ ಈ ನಿಯಮ ನಡೆಯದು. ತಾಳವೆಂದರೆ ಆವರ್ತನ, ಪಲ್ಲವಿಯೆಂದರೆ ಮರಳಿ ಮರಳಿ ಬರುವ ನುಡಿ. ಹಾಗಾದರೆ ಯಾವ ಪುನರುಕ್ತಿ ದೋಷವಾದೀತು, ಯಾವುದು ಗುಣವಾದೀತು? ಅಮೆರಿಕದ ಷಿಕಾಗೋ ನಗರದಲ್ಲಿ ಹುಟ್ಟಿದ ‘ಹೌಸ್’ ಸಂಗೀತವನ್ನು ಕೇಳುವವನಿಗೆ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಅಲ್ಲಿ ತಾಳವನ್ನು ಹಿಡಿಯುವುದು ಯಂತ್ರ. ನಿಮಿಷಕ್ಕೆ ಸುಮಾರು 120 ಪೆಟ್ಟಿನಂತೆ, ನಾಲ್ಕು ನಾಲ್ಕರ ಎಣಿಕೆಯಲ್ಲಿ, ಮೊದಲಿನಿಂದ ಕಡೆಯವರೆಗೆ ಅದು ಒಂದೇ ಸಮನೆ ಬಡಿಯುತ್ತದೆ. ಇದು ಸಂಗೀತವೋ ಕಾರ್ಖಾನೆಯ ಸದ್ದೋ ಎಂದು ಕೇಳುವವರು ಉಂಟು. ‘ಮಿಸ್ಟರ್ ಫಿಂಗರ್ಸ್’ ಎಂಬ ಹೆಸರಿನಲ್ಲಿ ಲ್ಯಾರಿ ಹರ್ಡ್ ರಚಿಸಿ, ತನ್ನದೇ ಆದ ‘ಅಲೀವಿಯೇಟೆಡ್’ ಎಂಬ ಪುಟ್ಟ ಧ್ವನಿಮುದ್ರಿಕಾ ಸಂಸ್ಥೆಯಿಂದ ಹೊರತಂದಿರುವ ಕೃತಿಗಳು ಅಂಥವರಿಗೆ ತಕ್ಕ ಉತ್ತರವೆಂದು ನನ್ನ ಭಾವನೆ.

ಈ ಸಂಗೀತದ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. 1977ರಲ್ಲಿ ಷಿಕಾಗೋದಲ್ಲಿ ‘ವೇರ್‌ಹೌಸ್’ ಎಂಬ ನೃತ್ಯಶಾಲೆ ತೆರೆಯಿತು. ಅಲ್ಲಿ ಕೂಡುತ್ತಿದ್ದವರು ಬಹುಮಟ್ಟಿಗೆ ಕರಿಯ ಜನಾಂಗದ ಸಲಿಂಗಪ್ರೇಮಿ ಯುವಕರು. ರೆಕಾರ್ಡುಗಳನ್ನು ಒಂದರೊಳಗೊಂದು ಬೆಸೆದು ನುಡಿಸುತ್ತಿದ್ದವನು ಫ್ರಾಂಕಿ ನಕಲ್ಸ್. ‘ಹೌಸ್’ ಎಂಬ ಹೆಸರು ಆ ಶಾಲೆಯ ಹೆಸರಿನಿಂದಲೇ ಬಂದಿತೆಂದು ಸಾಮಾನ್ಯವಾಗಿ ನಂಬುತ್ತಾರೆ. 1979ರ ಜುಲೈ 12ರಂದು ಅದೇ ನಗರದ ಕಾಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ, ಎರಡು ಬೇಸ್‌ಬಾಲ್ ಪಂದ್ಯಗಳ ನಡುವೆ, ಡಿಸ್ಕೋ ರೆಕಾರ್ಡುಗಳ ರಾಶಿಯನ್ನು ಸಿಡಿಮದ್ದಿಟ್ಟು ಹಾರಿಸಿದರು. ಹೀಗೆ ಹೊರದೂಡಿಸಿಕೊಂಡ ಸಂಗೀತವೇ ಅಗ್ಗದ ಯಂತ್ರಗಳ ಆಸರೆಯಿಂದ ಮುಂದಿನ ಐದಾರು ವರ್ಷಗಳಲ್ಲಿ ಹೊಸ ರೂಪ ತಾಳಿತು.

1960ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಹರ್ಡ್ ಮೊದಲಿಗೆ ವಾದ್ಯಗೋಷ್ಠಿಗಳಲ್ಲಿ ಡ್ರಂ ಬಾರಿಸುತ್ತಿದ್ದವನು. ಲಯವನ್ನು ಕೈಯಿಂದ ಬಲ್ಲವನೇ ಅದನ್ನು ಯಂತ್ರಕ್ಕೆ ಒಪ್ಪಿಸಿದನೆಂಬುದು ಗಮನಿಸತಕ್ಕ ಮಾತು. 1986ರಲ್ಲಿ ಟ್ರಾಕ್ಸ್ ಎಂಬ ಸಂಸ್ಥೆಯಿಂದ ಹೊರಬಂದ ಅವನ ‘ಕ್ಯಾನ್ ಯು ಫೀಲ್ ಇಟ್’ ಎಂಬ ರಚನೆಯಲ್ಲಿ ಇರುವ ಸಾಮಗ್ರಿ ಎಷ್ಟು? ಯಂತ್ರದ ತಾಳ, ಕೆಳಗಿನ ಸ್ಥಾಯಿಯಲ್ಲಿ ಸುಳಿಯುವ ಒಂದು ಸ್ವರಸರಣಿ, ಅದರ ಮೇಲೆ ಹಬ್ಬುವ ಕೆಲವು ಸ್ವರಮೇಳಗಳು. ಇಷ್ಟೇ, ಸಾಹಿತ್ಯವಿಲ್ಲ. ಆದರೂ ಮೇಳಗಳು ಮರಳಿ ಬಂದಂತೆಲ್ಲ ಕೇಳುವವನ ಮನಸ್ಸು ಮೊದಲಿದ್ದ ಕಡೆ ಇರುವುದಿಲ್ಲ. ಬದಲಾಗದ ತಾಳದ ಮೇಲೆ ಮೇಳಗಳ ಸಣ್ಣ ಚಲನೆಯೂ ದೊಡ್ಡದಾಗಿ ಕೇಳುತ್ತದೆ. ನಮ್ಮ ಮೀಮಾಂಸಕರು ಧ್ವನಿ ಎಂದದ್ದು ಇಂಥ ವ್ಯಾಪಾರವನ್ನೇ: ವಾಚ್ಯ ಕಡಮೆಯಾದಷ್ಟೂ ವ್ಯಂಗ್ಯಕ್ಕೆ ಎಡೆ ಹೆಚ್ಚು. ಈ ರಚನೆಯ ಮೇಲೆ ಮುಂದೆ ಬೇರೆಯವರು ಮಾರ್ಟಿನ್ ಲೂಥರ್ ಕಿಂಗರ 1963ರ ಭಾಷಣವನ್ನು ಜೋಡಿಸಿದರು. ಅಂಥ ಗಂಭೀರ ವಾಣಿಯನ್ನು ತಾಳುವಷ್ಟು ಇಂಬು ಅದರಲ್ಲಿ ಇದ್ದಿತು.

ಆದರೆ ರಚನೆ ಕಲಾವಿದನದಾದರೂ ಅದರ ಒಡೆತನ ಅವನ ಕೈಯಲ್ಲಿ ಉಳಿಯಲಿಲ್ಲ. ಸಲ್ಲಬೇಕಾದ ರಾಯಧನ ಸಲ್ಲಲಿಲ್ಲವೆಂದು ಆರೋಪಿಸಿ ಹರ್ಡ್ ಮತ್ತು ಗಾಯಕ ರಾಬರ್ಟ್ ಓವೆನ್ಸ್ ಇಬ್ಬರೂ 2020ರಲ್ಲಿ ಟ್ರಾಕ್ಸ್ ಸಂಸ್ಥೆಯ ಮೇಲೆ ದಾವೆ ಹೂಡಿದರು. 2022ರಲ್ಲಿ ರಾಜಿಯಾಗಿ ಹಕ್ಕುಗಳು ಅವರಿಗೆ ಮರಳಿದವು. ಮೂವತ್ತಾರು ವರ್ಷ! ಇದು ವಕೀಲರ ವಿಷಯ, ವಿಮರ್ಶಕನಿಗೇಕೆ ಎನ್ನಬಹುದು. ಹಾಗಲ್ಲ. ಈ ಸಂಗೀತದ ಜೀವಾಳವೇ ಅವಸರವಿಲ್ಲದಿರುವಿಕೆ. ಮಾರಾಟದ ಲೆಕ್ಕವನ್ನಷ್ಟೇ ನೋಡುವ ಪ್ರಕಾಶಕ ಇಂಥ ಸಾವಧಾನವನ್ನು ಎಷ್ಟು ಕಾಲ ಸಹಿಸಿಯಾನು? 1985ರಲ್ಲಿ ‘ಮಿಸ್ಟರಿ ಆಫ್ ಲವ್’ ಎಂಬ ರಚನೆಗಾಗಿ ಹರ್ಡ್ ತೆರೆದ ಸ್ವಂತ ಸಂಸ್ಥೆಯ ಹೆಸರಿಗೆ ‘ನೋವು ಹಗುರವಾದದ್ದು’ ಎಂಬ ಅರ್ಥವಿದೆ. ಆ ಹೆಸರು ಸುಮ್ಮನೆ ಇಟ್ಟದ್ದೆಂದು ಈಗ ತೋರುವುದಿಲ್ಲ.

ಅಲೀವಿಯೇಟೆಡ್‌ನಿಂದ 2018ರಲ್ಲಿ ಬಂದ ‘ಸೆರೆಬ್ರಲ್ ಹೆಮಿಸ್ಫಿಯರ್ಸ್’ ಈ ಸ್ವಾತಂತ್ರ್ಯದ ಫಲ. 1994ರ ‘ಬ್ಯಾಕ್ ಟು ಲವ್’ ಆದಮೇಲೆ ಮಿಸ್ಟರ್ ಫಿಂಗರ್ಸ್ ಹೆಸರಿನಲ್ಲಿ ಬಂದ ಮೊದಲನೆಯ ದೀರ್ಘ ಸಂಪುಟವಿದು. ಇದರಲ್ಲಿ ಕುಣಿತದ ರಚನೆಗಳ ಜೊತೆಗೆ ಜಾಸ್ ಛಾಯೆಯ ಮಂದಗತಿಯ ರಚನೆಗಳೂ ಉಂಟು. ಶ್ರೇಷ್ಠವೆನಿಸುವುದು 2016ರಲ್ಲೇ ಬಿಡಿಯಾಗಿ ಬಂದು ಇಲ್ಲಿ ಸೇರಿರುವ ‘ಔಟರ್ ಆಸಿಡ್’. ‘ಆಸಿಡ್’ ಎಂಬುದು ರೋಲಾಂಡ್ ಸಂಸ್ಥೆಯ ಟಿಬಿ-303 ಯಂತ್ರದ ಗುಂಡಿಗಳನ್ನು ತಿರುವಿ ಹೊರಡಿಸುವ, ನುಲಿಯುವ ನಾದಕ್ಕೆ ಬಂದ ಹೆಸರು. ಇತರರು ಈ ನಾದವನ್ನು ಕಿರುಚಿಸಿ ಕಿವಿ ತುಂಬಿಸುತ್ತಾರೆ. ಹರ್ಡ್ ಅದನ್ನು ಪಿಸುಮಾತಿಗೆ ಇಳಿಸುತ್ತಾನೆ. ಔಚಿತ್ಯವೆಂದರೆ ಇದು.

ದೋಷಗಳಿಲ್ಲವೆಂದಲ್ಲ. ಸಂಪುಟ ಬೇಕಾದುದಕ್ಕಿಂತ ಉದ್ದವಾಗಿದೆ. ಮಂದಗತಿಯ ಕೆಲವು ರಚನೆಗಳಲ್ಲಿ ಮಾಧುರ್ಯ ಮಿತಿಮೀರಿ, ಹೋಟೆಲಿನ ಅಂಗಳದಲ್ಲಿ ಯಾರೂ ಕಿವಿಗೊಡದೆ ನುಡಿಯುವ ಹಿನ್ನೆಲೆ ವಾದನಕ್ಕೆ ಸಮೀಪವಾಗುತ್ತದೆ. ತನಗೆ ತಾನೇ ಪ್ರಕಾಶಕನಾದವನಿಗೆ ‘ಇದನ್ನು ಬಿಡು’ ಎನ್ನುವವರು ಇರುವುದಿಲ್ಲ. ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆ ಇದು.

ಯಂತ್ರವೇ ಇದನ್ನೆಲ್ಲ ಮಾಡುತ್ತದೆ, ಮನುಷ್ಯನ ಪಾಲು ಏನು ಎಂಬ ಆಕ್ಷೇಪಣೆ ಉಳಿಯಿತು. ಇದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಸಾಕು. ಹಿಂದೀ ಚಿತ್ರಗಳಿಗೆ ವಾದ್ಯ ನುಡಿಸುತ್ತಿದ್ದ ಮುಂಬಯಿಯ ಚರಣಜಿತ್ ಸಿಂಗ್ 1982ರಲ್ಲಿ ಅದೇ ಟಿಬಿ-303 ಯಂತ್ರವನ್ನೂ ಟಿಆರ್-808 ತಾಳಯಂತ್ರವನ್ನೂ ಬಳಸಿ, ಡಿಸ್ಕೋ ಲಯದಲ್ಲಿ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದ. ಅಂದು ಅದನ್ನು ಕೇಳಿದವರು ವಿರಳ. 2010ರಲ್ಲಿ ಮರುಮುದ್ರಣವಾದ ಮೇಲೆ ಲೋಕ ಬೆರಗಾಯಿತು. ಯಂತ್ರ ಒಂದೇ, ಮುಂಬಯಿಯ ಬೆರಳು ಅದರಿಂದ ಭೈರವ ರಾಗವನ್ನು ತೆಗೆಯಿತು, ಷಿಕಾಗೋದ ಬೆರಳು ಇನ್ನೊಂದು ಲೋಕವನ್ನು ತೆರೆಯಿತು.

2022ರಲ್ಲಿ ಇದೇ ಸಂಸ್ಥೆಯಿಂದ ‘ಅರೌಂಡ್ ದಿ ಸನ್’ ಸಂಪುಟದ ಮೊದಲ ಭಾಗ ಹೊರಬಂದಿತು. ಹೊಸದಾಗಿ ಕೇಳುವ ರಸಿಕರು ಅಲ್ಲಿಂದ ತೊಡಗದೆ, ಮೊದಲು 1986ರ ರಚನೆಯನ್ನೂ ಆಮೇಲೆ ‘ಔಟರ್ ಆಸಿಡ್’ ಅನ್ನೂ ಕೇಳುವುದು ಲೇಸು. ಪುನರುಕ್ತಿ ಗುಣವೋ ದೋಷವೋ ಎಂಬುದು ಎಷ್ಟು ಸಲ ಹೇಳಿದನೆಂಬ ಲೆಕ್ಕದಿಂದ ತೀರ್ಮಾನವಾಗದು. ಪ್ರತಿ ಸಲವೂ ಕಿವಿಗೊಟ್ಟು ಹೇಳಿದನೇ ಎಂಬುದನ್ನು ನೋಡಬೇಕು. ಹರ್ಡ್ ತನ್ನ ಉತ್ತಮ ರಚನೆಗಳಲ್ಲಿ ಹಾಗೆ ಹೇಳಿದ್ದಾನೆ. ಅವನ್ನು ಕೇಳುವಾಗ ನಾವೂ ಅಷ್ಟೇ ತಾಳ್ಮೆಯಿಂದ ಕಿವಿಗೊಡಬೇಕಾಗುತ್ತದೆ.