ಕೀಟಲಕ್ಷಣವೂ ಕನ್ನಡ ವಾಙ್ಮಯವೂ

ವಿಮರ್ಶೆಯು ಕಾವ್ಯನಾಟಕಗಳಿಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆಯು ನಮ್ಮಲ್ಲಿ ಬಲವಾಗಿ ಬೇರೂರಿರುವದು. ನಮ್ಮ ಪೂರ್ವಿಕರಾದರೋ ಲಕ್ಷಣಗ್ರಂಥಗಳನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸುತ್ತಿದ್ದರು. ಸೂತ್ರದಲ್ಲಿ ಒಂದಕ್ಷರ ಹೆಚ್ಚಾದರೆ ಗೌರವದೋಷ, ಕಡಿಮೆಯಾದರೆ ಆಕ್ಷೇಪ. ಹೀಗೆ ಶಾಸ್ತ್ರದ ಮಾತಿಗೂ ಒರೆಗಲ್ಲು ಇದ್ದಿತು. ಅಂತಹದೊಂದು ಲಕ್ಷಣವಾಙ್ಮಯವು ಇಂದು ಎಲ್ಲ ದೇಶಗಳಲ್ಲಿಯೂ ಬೆಳೆಯುತ್ತಿರುವದು. ಕೀಟಗಳನ್ನು ವರ್ಗವರ್ಗವಾಗಿ ವಿಂಗಡಿಸಿ, ಹೊಸದಾಗಿ ಕಂಡ ಪ್ರಭೇದಗಳಿಗೆ ಹೆಸರಿಟ್ಟು, ಅವುಗಳ ಲಕ್ಷಣವನ್ನು ಬರೆದಿಡುವ ವಾಙ್ಮಯವೇ ಅದು. ಈವರೆಗೆ ಹೆಸರು ಪಡೆದ ಕೀಟಪ್ರಭೇದಗಳು ಸುಮಾರು 10 ಲಕ್ಷ. ಹೆಸರಿಲ್ಲದವು ಅದಕ್ಕಿಂತ ಹಲವು ಪಟ್ಟು ಇರಬೇಕೆಂದು ತಜ್ಞರು ಅಂದಾಜು ಮಾಡಿರುವರು. ಈ ವಾಙ್ಮಯವು ನಮ್ಮ ಶಾಸ್ತ್ರದ ಒರೆಗಲ್ಲಿಗೆ ಎಷ್ಟು ನಿಲ್ಲುವದು, ನಮ್ಮ ಭಾಷೆಗೆ ಅದರಿಂದ ಸಂದದ್ದೇನು, ಸಲ್ಲದೆ ಉಳಿದದ್ದೇನು ಎಂಬುದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಹಳೆಯ ಬಂಡವಾಳವನ್ನು ನೋಡೋಣ. ದುಂಬಿಗೆ ‘ಷಟ್ಪದ’ವೆಂಬ ಹೆಸರಿಟ್ಟವನು ಅದರ ಕಾಲುಗಳನ್ನು ಎಣಿಸಿದ್ದನೆಂಬುದು ಸ್ಪಷ್ಟ. ಆರು ಕಾಲುಗಳಿರುವದೇ ಕೀಟವರ್ಗದ ಮುಖ್ಯ ಚಿಹ್ನೆಯೆಂದು ಇಂದಿನ ಶಾಸ್ತ್ರವೂ ಹೇಳುವದು. ಅದೇ ಶಬ್ದವು ನಮ್ಮ ಷಟ್ಪದಿಯ ಛಂದಸ್ಸಿನಲ್ಲಿಯೂ ಕುಳಿತಿರುವದನ್ನು ವಾಚಕರು ಬಲ್ಲರು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಕೀಟಗಳನ್ನು ಅವುಗಳ ವಿಷವು ಕೆರಳಿಸುವ ದೋಷದ ಮೇಲಿಂದ ವಾತ, ಪಿತ್ತ, ಕಫ, ಸನ್ನಿಪಾತಗಳೆಂದು ವಿಂಗಡಿಸಿರುವರು. ಸೊಳ್ಳೆಗಳಲ್ಲಿಯೇ ಐದು ಬಗೆಗಳನ್ನು ಹೆಸರಿಸಿರುವರು. ಕನ್ನಡದಲ್ಲಿಯೂ ಮಂಗರಾಜನು 14ನೆಯ ಶತಮಾನದಲ್ಲಿ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯದ ಗ್ರಂಥವನ್ನು ರಚಿಸಿ, ಶಾಸ್ತ್ರದ ಮಾತನ್ನು ಹೇಳುವ ಶಕ್ತಿಯು ನಮ್ಮ ನುಡಿಗೆ ಉಂಟೆಂಬುದನ್ನು ತೋರಿಸಿಕೊಟ್ಟಿರುವನು. ಆದರೆ ಈ ವಿಂಗಡಣೆಗಳೆಲ್ಲವೂ ವೈದ್ಯನ ದೃಷ್ಟಿಯವು. ಕಚ್ಚಿದ ಮೇಲೆ ಏನಾಗುವದೆಂಬುದು ಅವುಗಳಿಗೆ ಮುಖ್ಯ. ಕಚ್ಚಿದ ಹುಳು ಯಾವದೆಂಬುದು ಗೌಣ.

ಕೋಶಗಳ ಸ್ಥಿತಿಯೂ ಹೀಗೆಯೇ. ಅಮರಸಿಂಹನು ಸಿಂಹಾದಿವರ್ಗದಲ್ಲಿ ಪತಂಗ, ಶಲಭಗಳೆರಡನ್ನೂ ಒಂದೇ ಅರ್ಥದ ಶಬ್ದಗಳೆಂದು ಹೇಳಿರುವನು. ಅದರಿಂದ ದೀಪಕ್ಕೆ ಬಿದ್ದು ಸಾಯುವ ಚಿಟ್ಟೆಯೂ ಶಲಭವೇ. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಗಿಳಿಗಳ ಜೊತೆಗೆ ಈತಿಬಾಧೆಗಳಲ್ಲಿ ಎಣಿಸಲ್ಪಟ್ಟು, ಬೆಳೆಯನ್ನು ನುಂಗಿಹಾಕುವ ಮಿಡತೆಯೂ ಶಲಭವೇ. ಕವಿಗೆ ಇದರಿಂದ ಕೊರತೆಯೇನೂ ಆಗಲಿಲ್ಲ. ಮೋಹಕ್ಕೆ ಬಲಿಯಾದವನನ್ನು ಚಿಟ್ಟೆಗೂ, ಮುತ್ತಿಬಂದ ಸೈನ್ಯವನ್ನು ಮಿಡತೆಗೂ ಹೋಲಿಸುವಾಗ ಒಂದೇ ಶಬ್ದ ಸಾಕಾಯಿತು. ಒಕ್ಕಲಿಗನಿಗೆ ಮಾತ್ರ ಅದು ಸಾಲದು. ಒಂದು ಹುಳು ಅವನ ದೀಪದ ಎಣ್ಣೆಯಲ್ಲಿ ಬೀಳುವದು, ಇನ್ನೊಂದು ಅವನ ಅನ್ನದಲ್ಲಿ ಬೀಳುವದು.

ಇಲ್ಲಿ ತರ್ಕಶಾಸ್ತ್ರದ ನೆನಪು ಬರುವದು ಸಹಜ. ಲಕ್ಷಣಕ್ಕೆ ಮೂರು ದೋಷಗಳೆಂದು ಪಾಠಶಾಲೆಯ ಬಾಲಕರೂ ಬಲ್ಲರು. ಆಕಳೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಆಕಳು ಹೊರಗುಳಿಯುವದು, ಇದು ಅವ್ಯಾಪ್ತಿ. ಕೋಡುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬರುವದು, ಇದು ಅತಿವ್ಯಾಪ್ತಿ. ಒಂಟಿ ಗೊರಸಿನದು ಎಂದರೆ ಯಾವ ಆಕಳೂ ಸಿಗುವದಿಲ್ಲ, ಇದು ಅಸಂಭವ. ಈ ಮೂರನ್ನೂ ದಾಟಿ ನಿಂತ ಅಸಾಧಾರಣ ಧರ್ಮವೇ ಲಕ್ಷಣ. ಹೊಸ ಕೀಟದ ವಿವರಣೆಯನ್ನು ಬರೆಯುವವನು ಮಾಡತಕ್ಕದ್ದೂ ಇದನ್ನೇ. ತನ್ನ ಹುಳುವಿನ ಎಲ್ಲ ವ್ಯಕ್ತಿಗಳಲ್ಲಿಯೂ ಇದ್ದು, ಅದರ ದಾಯಾದಿಗಳಲ್ಲಿ ಯಾವದರಲ್ಲಿಯೂ ಇಲ್ಲದ ಗುರುತನ್ನು ಅವನು ಹೇಳಬೇಕು.

ಈ ಒರೆಗಲ್ಲಿಗೆ ತಿಕ್ಕಿದಾಗ ಆಧುನಿಕರ ವಿವರಣೆಯು ಬಹುಮಟ್ಟಿಗೆ ಚಿನ್ನವೆಂದೇ ಹೇಳಬೇಕು. ಸ್ವೀಡನ್ ದೇಶದ ಲಿನೇಯಸನು 1758ರಲ್ಲಿ ಪ್ರಕಟಿಸಿದ ಗ್ರಂಥವನ್ನು ಪ್ರಾಣಿಗಳ ನಾಮಕರಣಕ್ಕೆ ಆದಿಯೆಂದು ಒಪ್ಪಿರುವರು. ಮೊದಲ ಪದವು ಕುಲವನ್ನು, ಎರಡನೆಯದು ಪ್ರಭೇದವನ್ನು ಸೂಚಿಸುವದು. ನಮ್ಮಲ್ಲಿ ಮನೆತನದ ಹೆಸರಿನೊಡನೆ ವ್ಯಕ್ತಿಯ ಹೆಸರು ಇರುವಂತೆ. ಒಂದೇ ಹುಳುವಿಗೆ ಇಬ್ಬರು ಬೇರೆ ಬೇರೆ ಹೆಸರಿಟ್ಟರೆ ಸಾಮಾನ್ಯವಾಗಿ ಮೊದಲಿನದೇ ನಿಲ್ಲುವದು. ಪಾಣಿನಿಯ ವ್ಯವಸ್ಥೆಯಲ್ಲಿ ಸಮಾನಬಲದ ಎರಡು ಸೂತ್ರಗಳು ತಾಗಿದರೆ ಪರಸೂತ್ರಕ್ಕೆ ಗೆಲವು. ಇಲ್ಲಿ ಪೂರ್ವಕ್ಕೆ ಗೆಲವು. ಎರಡೂ ವಿವಾದವನ್ನು ಮುಗಿಸುವ ಉಪಾಯಗಳೇ. ಅಲ್ಲದೆ, ಹೆಸರಿಗೆ ಆಧಾರವಾದ ಒಂದು ಹುಳುವನ್ನು ಮೂಲಮಾದರಿಯೆಂದು ಸಂಗ್ರಹಾಲಯದಲ್ಲಿ ಕಾದಿಡುವರು. ಪಾಠಭೇದ ಬಂದಾಗ ಮೂಲ ಓಲೆಯ ಪ್ರತಿಯನ್ನು ತೆಗೆದು ನೋಡುವಂತೆ, ಸಂದೇಹ ಬಂದಾಗ ಆ ಮಾದರಿಯನ್ನು ತೆಗೆದು ನೋಡುವರು. ಮೂಲಪ್ರತಿಯನ್ನು ಕಳೆದುಕೊಂಡು ಶತಮಾನಗಳ ಕಾಲ ಪಾಠಾಂತರಗಳಲ್ಲಿ ತೊಳಲಿದ ನಮ್ಮ ಕಾವ್ಯಗಳನ್ನು ನೆನೆದರೆ, ಈ ಎಚ್ಚರಿಕೆಯ ಬೆಲೆ ತಿಳಿಯುವದು.

ಇನ್ನು ಶೈಲಿ. ದೇವತೆಗಳನ್ನು ಪಾದದಿಂದಲೂ ಮಾನವರನ್ನು ತಲೆಯಿಂದಲೂ ವರ್ಣಿಸಬೇಕೆಂಬುದು ನಮ್ಮ ಕವಿಸಮಯ. ಕೀಟವನ್ನೂ ತಲೆಯಿಂದಲೇ ತೊಡಗಿ ಎದೆ, ಕಾಲು, ರೆಕ್ಕೆ, ಉದರವೆಂದು ಬಾಲದವರೆಗೆ ವರ್ಣಿಸುವದರಿಂದ ಅದಕ್ಕೆ ಮಾನವಪದವಿಯಾದರೂ ದೊರೆಯಿತು! ಈ ವರ್ಣನೆಯಲ್ಲಿ ಉಪಮೆಗೆ ಅವಕಾಶ ಬಹು ಕಡಿಮೆ. ಅಳತೆ, ಎಣಿಕೆ, ಬಣ್ಣ, ರೋಮಗಳ ಸ್ಥಾನ, ಇವೇ ಅದರ ಅಲಂಕಾರಗಳು. ಕೊನೆಯಲ್ಲಿ ಹತ್ತಿರದ ಪ್ರಭೇದಕ್ಕಿಂತ ಇದು ಹೇಗೆ ಬೇರೆಯೆಂದು ಹೇಳುವ ಭಾಗವುಂಟು. ಅದನ್ನು ಶುದ್ಧವಾದ ವ್ಯತಿರೇಕವೆನ್ನಬಹುದು. ಇದನ್ನು ಒಣ ಬರಹವೆಂದು ಹಳಿಯುವವರ ಮಾತನ್ನು ನಾವು ಒಪ್ಪಲಾರೆವು. ಲಕ್ಷಣದಲ್ಲಿ ಶೃಂಗಾರವನ್ನು ಬಯಸುವದು ಪಂಚಾಂಗದಲ್ಲಿ ರಸವನ್ನು ಹುಡುಕಿದಂತೆಯೇ ಸರಿ.

ಹಾಗಾದರೆ ಆಕ್ಷೇಪವಾದರೂ ಏನು? ಅದನ್ನು ತಿಳಿಯಲು ನಮ್ಮ ಹೊಲದ ಹುಳುವೊಂದನ್ನೇ ತೆಗೆದುಕೊಳ್ಳೋಣ. ಇಬ್ರಾಹಿಂಪುರವನ್ನು ಬಿಟ್ಟು ತಿಕೋಟೆ, ಬಬಲೇಶ್ವರಗಳ ಕಡೆಗೆ ನಡೆದವರಿಗೆ ನಮ್ಮ ಜಿಲ್ಲೆಯ ಕರಿಮಣ್ಣೂ ಜೋಳವೂ ಎಷ್ಟು ಹೊಂದಿಕೊಂಡಿರುವವೆಂಬುದನ್ನು ಹೇಳಬೇಕಾದದ್ದಿಲ್ಲ. ದಖ್ಖನ್ನಿನ ಜೋಳದ ಸೀಮೆಯಲ್ಲಿ ರೆಕ್ಕೆಯಿಲ್ಲದ ಒಂದು ಮಿಡತೆಯುಂಟು. ಅದು ನೆಲದೊಳಗೆ ಕೋಶದಲ್ಲಿ ಮೊಟ್ಟೆಯಿಡುವದು; ಮಳೆಗಾಲ ಹಿಡಿದಾಗ ಮರಿಗಳು ಹೊರಬಂದು ಹುಲ್ಲನ್ನೂ ಎಳೆಯ ಜೋಳವನ್ನೂ ಮೇಯುವವು; ವರ್ಷಕ್ಕೆ ಒಂದೇ ಪೀಳಿಗೆ. 1910ರಲ್ಲಿ ಸ್ಪೇನ್ ದೇಶದ ಇಗ್ನಾಸಿಯೊ ಬೊಲಿವಾರ್ ಎಂಬ ಪಂಡಿತರು ಇದಕ್ಕೆ ‘ಕೋಲೆಮಾನಿಯ ಸ್ಫೆನಾರಿಯಾಯ್ಡಿಸ್’ ಎಂದು ಹೆಸರಿಟ್ಟರು. ಕುಲದ ಹೆಸರು, ಕೆನಡಾ ದೇಶದವರಾಗಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ನರ ಗೌರವಾರ್ಥವಾದದ್ದು. ಪ್ರಭೇದದ ಹೆಸರಿಗೆ ‘ಸ್ಫೆನಾರಿಯಮ್ಮಿನಂತಿರುವದು’ ಎಂದರ್ಥ. ಆ ಸ್ಫೆನಾರಿಯಮ್ ಎಂಬುದು ಮೆಕ್ಸಿಕೋ ದೇಶದ ಮಿಡತೆಯ ಕುಲ. ಅಲ್ಲಿನ ಜನರು ಅದನ್ನು ಹುರಿದು ತಿನ್ನುವರು. ಹೀಗೆ ನಮ್ಮ ಜೋಳವನ್ನು ತಿನ್ನುವ ಹುಳುವು ಕೆನಡಾದವರ ಹೆಸರನ್ನು ಹೊತ್ತು, ಮೆಕ್ಸಿಕೋದ ಹುಳುವಿಗೆ ಉಪಮಿತವಾಗಿ, ಸ್ಪೇನಿನವರಿಂದ ನಾಮಕರಣಗೊಂಡಿತು.

ಇದನ್ನು ಕೇಳಿ ಕೆಲವರಿಗೆ ಅಭಿಮಾನಭಂಗವಾಗಬಹುದು. ನಮಗೆ ಹಾಗೆ ತೋರುವದಿಲ್ಲ. ಯೋಗವೃತ್ತಿಗಿಂತ ರೂಢಿಯು ಬಲವತ್ತರವೆಂದು ಮೀಮಾಂಸಕರು ಎಂದೋ ಹೇಳಿರುವರು. ಹೆಸರು ಸಂಕೇತ ಮಾತ್ರ, ಅದು ಲಕ್ಷಣವಲ್ಲ. ಕುದುರೆಯನ್ನೇ ಕಾಣದವನಿಗೆ ಅಶ್ವಪತಿಯೆಂದು ಹೆಸರಿಟ್ಟರೆ ಜಗತ್ತು ಮುಳುಗಲಿಲ್ಲ. ಮೇಲಾಗಿ 1911ರಲ್ಲಿ ಮೈಸೂರು ಕೃಷಿ ಇಲಾಖೆಯಿಂದ ಕೋಲ್ಮನ್ನರು ಈ ಹುಳುವಿನ ಮೇಲೆ ಪ್ರಕಟಿಸಿದ ಇಂಗ್ಲಿಷ್ ಪುಸ್ತಿಕೆಯ ಹೆಸರಿನಲ್ಲಿಯೇ ‘ಜೋಳ’ವೆಂಬ ಕನ್ನಡ ಶಬ್ದವನ್ನು ಇಟ್ಟಿರುವರು. ಪರದೇಶದವರು ನಮ್ಮ ಶಬ್ದವನ್ನು ತಮ್ಮ ಪುಸ್ತಿಕೆಗೆ ಬರಮಾಡಿಕೊಂಡರು. ನಾವು ಅವರ ಲಕ್ಷಣವನ್ನು ನಮ್ಮ ಭಾಷೆಗೆ ಬರಮಾಡಿಕೊಂಡೆವೇ? ನಮ್ಮ ಆಕ್ಷೇಪವು ಇಲ್ಲಿಯೇ ಇರುವದು, ಮತ್ತು ಅದು ಪರರ ಮೇಲಿನದಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಸಿ. ಎ. ವಿರಕ್ತಮಠರು ಜಿಗಿಹುಳುಗಳ ಮೇಲೆ ದಶಕಗಳ ಕಾಲ ದುಡಿದು ಎಷ್ಟೋ ಹೊಸ ಪ್ರಭೇದಗಳನ್ನು ವಿವರಿಸಿರುವರು. ಅದೇ ನಗರದಲ್ಲಿ ಕೃಷಿಕೀಟಗಳಿಗೆಂದೇ ಒಂದು ರಾಷ್ಟ್ರೀಯ ಸಂಸ್ಥೆಯೂ ಇರುವದು. ಪಾಂಡಿತ್ಯಕ್ಕೆ ನಮ್ಮಲ್ಲಿ ಬರಗಾಲವಿಲ್ಲ. ಪೂರ್ಣಚಂದ್ರ ತೇಜಸ್ವಿಯವರಂತಹ ಲೇಖಕರು ಹುಳುಹುಪ್ಪಡಿಗಳ ವಿಷಯದಲ್ಲಿ ಕನ್ನಡಿಗರಿಗೆ ಕುತೂಹಲವನ್ನೂ ಹುಟ್ಟಿಸಿದರು. ಆದರೆ ಕುತೂಹಲ ಬೇರೆ, ಲಕ್ಷಣ ಬೇರೆ. ಇವೆರಡರ ನಡುವಿನ ಸೇತುವೆಯನ್ನು ನಾವು ಇನ್ನೂ ಕಟ್ಟಬೇಕಾಗಿರುವದು.

ಸೇತುವೆಯಿಲ್ಲದ್ದರಿಂದ ಆಗುವ ನಷ್ಟವು ಕೇವಲ ವಾಙ್ಮಯದ್ದಲ್ಲ. 2018ರ ಮೇ ತಿಂಗಳಲ್ಲಿ ಶಿವಮೊಗ್ಗೆಯ ಗೋವಿನಜೋಳದ ಹೊಲಗಳಲ್ಲಿ ಅಮೇರಿಕಾ ಮೂಲದ ಒಂದು ಹುಳುವು ಕಾಣಿಸಿತು. ಭಾರತದಲ್ಲಿ ಅದರ ಮೊದಲ ವರದಿ ಅದೇ. 1797ರಲ್ಲಿ ಸ್ಮಿತ್ ಎಂಬವರು ಅದಕ್ಕೆ ಫಲನಾಶಕವೆಂಬ ಅರ್ಥದ ‘ಫ್ರುಜಿಪರ್ಡಾ’ ಎಂಬ ಹೆಸರನ್ನಿಟ್ಟಿದ್ದರು. ನಮ್ಮಲ್ಲಿ ಅದನ್ನು ಕೆಲವರು ಲದ್ದಿಹುಳುವೆಂದರು, ಕೆಲವರು ಸೈನಿಕ ಹುಳುವೆಂದರು. ಆದರೆ ಸೈನಿಕ ಹುಳುವೆಂಬ ಹೆಸರು ಅದಕ್ಕಿಂತ ಮೊದಲೇ ಭತ್ತ, ಜೋಳಗಳನ್ನು ಮೇಯುವ ಬೇರೊಂದು ಹುಳುವಿಗೆ ಸಂದಿದ್ದಿತು. ಅಮರಸಿಂಹನ ಕಾಲದ ಅತಿವ್ಯಾಪ್ತಿಯು ನಮ್ಮ ಕಾಲದಲ್ಲಿಯೂ ಮರುಹುಟ್ಟು ಪಡೆಯಿತು! ಹಳೆಯದಕ್ಕೆ ತಕ್ಕ ಕಾಲ, ಹಳೆಯದಕ್ಕೆ ತಕ್ಕ ಮದ್ದು ಹೊಸದಕ್ಕೆ ಸಲ್ಲದಿದ್ದರೆ, ತಪ್ಪಿದ ಹೆಸರಿನ ದಂಡವನ್ನು ತೆರುವವನು ಒಕ್ಕಲಿಗನೇ ಹೊರತು ಕೋಶಕಾರನಲ್ಲ.

ಆದರೂ ಇದರ ಗುರುತು ಕನ್ನಡದಲ್ಲಿ ಹೇಳಲಾರದಷ್ಟು ಗಹನವೇನೂ ಅಲ್ಲ. “ಬೆಳೆದ ಮರಿಹುಳುವಿನ ಹಣೆಯ ಮೇಲೆ ಕವಲುಗೋಲನ್ನು ತಲೆಕೆಳಗಾಗಿಟ್ಟಂತೆ ಬಿಳಿಯ ಗೆರೆ, ಬಾಲದ ಕಡೆಯಿಂದ ಎರಡನೆಯ ಗೆಣ್ಣಿನ ಬೆನ್ನಿನ ಮೇಲೆ ಚೌಕದ ನಾಲ್ಕು ಮೂಲೆಗಳಂತೆ ನಾಲ್ಕು ಕಪ್ಪು ಬೊಟ್ಟು, ಸುಳಿಯಲ್ಲಿ ವಾಸ, ತಿಂದಲ್ಲಿ ಹೇರಳ ಲದ್ದಿ.” ಇಷ್ಟೇ ಸಾಕು. ಚೌಕದ ಬೊಟ್ಟುಗಳೇ ಇಲ್ಲಿ ಮುಖ್ಯವಾದ ವ್ಯಾವರ್ತಕ ಧರ್ಮ. ಹಳೆಯ ಸೈನಿಕ ಹುಳುವಿಗೆ ಅವು ಇಲ್ಲ. ಹೊಲದಲ್ಲಿ ನಿಂತವನು ಕಣ್ಣಿನಿಂದಲೇ ಪರೀಕ್ಷಿಸಬಹುದಾದ ಮಾತಿದು.

ಕನ್ನಡದಲ್ಲಿ ಬರೆದರೆ ಶಾಸ್ತ್ರವು ಒಪ್ಪೀತೇ ಎಂದು ಕೆಲವರು ಕೇಳಬಹುದು. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಹೆಸರು ಮಾತ್ರ ರೋಮನ್ ಲಿಪಿಯಲ್ಲಿರಬೇಕು; ವಿವರಣೆಯು ಇಂತಹದೇ ಭಾಷೆಯಲ್ಲಿರಬೇಕೆಂಬ ಕಡ್ಡಾಯವಿಲ್ಲ. ಬಹುಜನರು ಬಲ್ಲ ಭಾಷೆಯಲ್ಲಿಯೂ ಸಾರಾಂಶವಿರಲೆಂಬುದು ಸಲಹೆ ಮಾತ್ರ. ಸಸ್ಯಶಾಸ್ತ್ರದವರು 1935ರಿಂದ 2011ರ ವರೆಗೆ ಹೊಸ ಸಸ್ಯಗಳಿಗೆ ಲ್ಯಾಟಿನ್ ಭಾಷೆಯನ್ನು ವಿಧಿಸಿದ್ದರು. ಕೀಟಶಾಸ್ತ್ರಕ್ಕೆ ಅಂತಹ ಸಂಕೋಲೆಯಿಲ್ಲ. ಬಾಗಿಲು ತೆರೆದಿರುವದು; ಒಳಹೊಕ್ಕವರು ಮಾತ್ರ ವಿರಳ.

ಇಂಗ್ಲಿಷನ್ನು ಬಿಟ್ಟು ಕನ್ನಡದಲ್ಲಿಯೇ ಬರೆಯಿರೆಂದು ನಾವು ಹೇಳುವದಿಲ್ಲ. ಅದರಿಂದ ನಮ್ಮ ಪಂಡಿತರ ಶ್ರಮವು ಹೊರಗಿನವರಿಗೆ ಎಟುಕದೆ ಹೋಗುವದು. ಕನ್ನಡ ನಾಡಿನ ಮಣ್ಣಿನಲ್ಲಿ ಸಿಕ್ಕ ಹುಳುವಿನ ವಿವರಣೆಯ ಜೊತೆಗೆ ಹತ್ತು ಸಾಲುಗಳ ಕನ್ನಡ ಲಕ್ಷಣವೂ ಇರಲಿ ಎಂಬುದಷ್ಟೇ ನಮ್ಮ ಬೇಡಿಕೆ. ಊರೂರಿಗೆ ಬೇರೆಯಾಗಿರುವ ಹುಳುಗಳ ಹೆಸರುಗಳನ್ನು ಅಳಿಸಬೇಕೆಂದೂ ನಾವು ಹೇಳುವದಿಲ್ಲ. ಅವುಗಳನ್ನು ಕೂಡಿಸಿ, ಯಾವ ಹೆಸರು ಯಾವ ಪ್ರಭೇದಕ್ಕೆ ಸಲ್ಲುವದೆಂದು ಗೊತ್ತುಮಾಡಿ, ಒಂದು ಹೆಸರಿಗೆ ಒಂದೇ ಹುಳು ನಿಲ್ಲುವಂತೆ ಕೋಶವನ್ನು ಕಟ್ಟಬೇಕು. ಇದು ಒಬ್ಬ ತಜ್ಞನಿಂದ ಆಗುವದಲ್ಲ. ಹೆಸರನ್ನು ಬಲ್ಲವನು ಒಕ್ಕಲಿಗ, ಹುಳುವನ್ನು ಬಲ್ಲವನು ಕೀಟಶಾಸ್ತ್ರಜ್ಞ, ಲಕ್ಷಣದ ದೋಷವನ್ನು ಬಲ್ಲವನು ಭಾಷಾಪಂಡಿತ. ಈ ಮೂವರೂ ಒಂದೆಡೆ ಕೂಡಬೇಕು. ಮೂವರನ್ನೂ ಕೂಡಿಸುವ ಕಾರ್ಯಕ್ಕೆ ಜಿಲ್ಲಾ ಸಾಹಿತ್ಯಸಂಘಗಳಿಗಿಂತ ಯೋಗ್ಯವಾದ ಸ್ಥಾನವು ನಮಗೆ ಕಾಣದು. ಜೋಳದ ಹೊಲದ ಹತ್ತು ಹುಳುಗಳಿಂದಲೇ ಈ ಕಾರ್ಯವು ಮೊದಲಾಗಲಿ.