ಕಣ್ಣು ಮುಚ್ಚಿ ಆರಿಸಿ

ಮಕ್ಕಳನ್ನು ಶೂಟಿಂಗ್ ರೇಂಜಿಗೆ ಕರೆತರುವ ಅಪ್ಪ-ಅಮ್ಮಂದಿರು ಮೊದಲು ಕೇಳುವುದು ಕಂಪನಿಯ ಹೆಸರನ್ನು. ಸ್ಟೇಯರ್ ಕೊಡಿಸೋಣವೋ, ಮೊರಿನಿಯೋ, ವಾಲ್ಥರೋ? ಮೂರೂ ಒಲಿಂಪಿಕ್ ಮಟ್ಟದ ಏರ್ ಪಿಸ್ತೂಲುಗಳೇ. ಅಲುಗದಂತೆ ಬಿಗಿದಿಟ್ಟು ಹೊಡೆದರೆ ಮೂರೂ ಹತ್ತು ಮೀಟರ್ ದೂರದಲ್ಲಿ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಪೆಲೆಟ್ ತೂರಿಸುತ್ತವೆ. ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿಲಿಮೀಟರ್. ಅದು ನಮಗೆ ತಪ್ಪಿಹೋಗುವುದು ಬಹುಪಾಲು ಕೈಯಲ್ಲಿ. ಆದ್ದರಿಂದ ಮೊದಲ ಪಿಸ್ತೂಲನ್ನು ಗ್ರಿಪ್ ನೋಡಿ ಕೊಳ್ಳಿ.

ಪರೀಕ್ಷೆ ಸುಲಭ. ಖಾಲಿ ಪಿಸ್ತೂಲ್ ಹಿಡಿದು, ಟಾರ್ಗೆಟ್ ಕಡೆಗೇ ಮುಖಮಾಡಿ ನಿಂತು, ಕಣ್ಣು ಮುಚ್ಚಿ ತೋಳೆತ್ತಿ. ಎರಡು ಉಸಿರಿನ ನಂತರ ಕಣ್ಣು ತೆರೆಯಿರಿ. ಹಿಂದಿನ ಸೈಟಿನ ಕಚ್ಚಿನೊಳಗೆ, ಎರಡೂ ಬದಿಗೆ ಒಂದೇ ಅಳತೆಯ ಬೆಳಕು ಬಿಟ್ಟು ಮುಂದಿನ ಸೈಟ್ ನಿಂತಿದ್ದರೆ ಆ ಗ್ರಿಪ್ ನಿಮ್ಮದು. ವಾಲಿದ್ದರೆ ಪ್ರತಿ ಸಲವೂ ಮಣಿಕಟ್ಟು ತಿರುಚಬೇಕು. ಪಂದ್ಯದಲ್ಲಿ 75 ನಿಮಿಷಕ್ಕೆ 60 ಗುಂಡು, ಅದೂ ಒಂಟಿಗೈಯಲ್ಲಿ. ತಿರುಚಿದ ಮಣಿಕಟ್ಟು ಅಷ್ಟು ಹೊತ್ತು ತಡೆಯದು.

ನನ್ನ ಮೊದಲ ಪಿಸ್ತೂಲಿನ ಗ್ರಿಪ್ ಅಂಗೈಗೆ ಒಂದು ಅಳತೆ ದೊಡ್ಡದಿತ್ತು. ಬೆರಳ ತುದಿಯಷ್ಟೇ ಟ್ರಿಗರಿಗೆ ಎಟುಕುತ್ತಿತ್ತು. ಪೆಲೆಟ್‌ಗಳು ಎಡಕ್ಕೇ ಬೀಳುತ್ತಿದ್ದವು. ಆರು ತಿಂಗಳು ಸೈಟ್ ತಿರುಗಿಸುತ್ತ ಕಳೆದೆ. ಕೊನೆಗೆ ಚಿಕ್ಕ ಅಳತೆಯ ಗ್ರಿಪ್ ಹಾಕಿಸಿ, ಒತ್ತುತ್ತಿದ್ದ ಕಡೆ ಉಪ್ಪುಕಾಗದದಿಂದ ಉಜ್ಜಿ, ಸಡಿಲವಿದ್ದಲ್ಲಿ ಮರದ ಪುಟ್ಟಿ ತುಂಬಿದ ಮೇಲೆ ಗುಂಡುಗಳು ನಡುವಿಗೆ ಬಂದವು.

ಆಮೇಲೆ ತೂಕ. ನಿಯಮ 1500 ಗ್ರಾಂವರೆಗೆ ಒಪ್ಪುತ್ತದೆ, ಆದರೆ ಒಂದು ಕಿಲೋ ಆಸುಪಾಸು ಸಾಕು. ಹದಿಮೂರರ ಹುಡುಗಿಗೆ ಅದೂ ಮೂಗಿಗಿಂತ ಮೂಗುತಿ ಭಾರ. ಅವಳಿಗೆ ಚಿಕ್ಕ ನಳಿಕೆಯ ಹಗುರ ಮಾದರಿಯೇ ಸರಿ. ಟ್ರಿಗರ್ 500 ಗ್ರಾಂ ಭಾರ ತಡೆಯಲೇಬೇಕು. ಪಂದ್ಯಕ್ಕೆ ಮೊದಲು ತೂಕ ನೇತುಹಾಕಿ ಪರೀಕ್ಷಿಸುತ್ತಾರೆ. ತುಸು ಹೆಚ್ಚಿಗೇ ಇಟ್ಟುಕೊಂಡರೆ ನೆಮ್ಮದಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಗಾಳಿಯ ಸಿಲಿಂಡರಿನ ಮೇಲೆ ಕೊರೆದ ತಯಾರಿಕೆಯ ದಿನಾಂಕ ಓದದೆ ದುಡ್ಡು ಕೊಡಬೇಡಿ. ಇನ್ನೂರು ಬಾರ್ ಒತ್ತಡ ತಡೆಯುವ ಆ ಸಿಲಿಂಡರಿನ ಆಯುಸ್ಸು ಸಾಮಾನ್ಯವಾಗಿ ಹತ್ತು ವರ್ಷ.

ರಿಪೇರಿಯನ್ನೂ ಮೊದಲೇ ಯೋಚಿಸಿ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆಯೇ ಭಾರತದ ಶೂಟರ್ ಮನು ಭಾಕರ್ ಅವರ ಪಿಸ್ತೂಲ್ ಕೈಕೊಟ್ಟಿತು. ಅಮೂಲ್ಯ ನಿಮಿಷಗಳು ಹೋದವು, ಫೈನಲ್ ತಪ್ಪಿತು. 2024ರ ಪ್ಯಾರಿಸ್ ಕಂಚಿಗೆ ಅವರು ಮೂರು ವರ್ಷ ಕಾಯಬೇಕಾಯಿತು. ನಿಮ್ಮ ಕೋಚ್ ಬಿಚ್ಚಿ ಜೋಡಿಸಬಲ್ಲ, ಬಿಡಿಭಾಗ ಬೇಗ ಸಿಗುವ ಮಾದರಿಯೇ ನಿಮಗೆ ಒಳ್ಳೆಯದು.

ಕೊಳ್ಳಲು ಅವಸರ ಬೇಡ. ಮೂರು ತಿಂಗಳು ಕ್ಲಬ್ಬಿನ ಪಿಸ್ತೂಲುಗಳಲ್ಲೇ ಕಲಿಯಿರಿ. ದಿನವೂ ಒಂದೊಂದನ್ನು ಹಿಡಿದು ಕಣ್ಣು ಮುಚ್ಚಿ ತೋಳೆತ್ತಿ. ಕಣ್ಣು ತೆರೆದಾಗಲೆಲ್ಲ ಯಾವುದು ನೆಟ್ಟಗೆ ನಿಂತಿರುತ್ತದೋ, ಅದರ ಹೆಸರನ್ನು ಅಂಗಡಿಯವರಿಗೆ ಹೇಳಿ.