ಮೊದಲ ನಂಬರು ಯಾವ ಹಾಡಿಗೆ?

ಈ ಜಗಳ ಶುರುವಾದದ್ದು ಕುಬಟೂರಿನಲ್ಲಿ. ಆನವಟ್ಟಿಯವರಿಗೆ ಕುಬಟೂರೆಂದರೆ ನಡೆದು ಹೋಗಿ ಬರುವಷ್ಟು ಹತ್ತಿರ. ಒಂದು ಭಾನುವಾರ ನಾವು ಐದಾರು ಜನ ಟೀಚರುಗಳು ಕೈಟಭೇಶ್ವರನ ಗುಡಿ ನೋಡಿಕೊಂಡು ಬಂದು, ಹೊರಗೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆವು. ಜೊತೆಗೆ ಒಬ್ಬರ ನಾದಿನಿಯೂ ಬಂದಿದ್ದರು. ರೊಟ್ಟಿ, ಶೇಂಗಾ ಚಟ್ನಿ ಮುಗಿದು ಮೊಸರನ್ನಕ್ಕೆ ಬರುವ ಹೊತ್ತಿಗೆ ಆ ನಾದಿನಿ ತಮ್ಮ ಫೋನಿನಲ್ಲಿ ಸಿ. ಅಶ್ವತ್ಥರ ಹಾಡು ಹಾಕಿದರು. ಹಾಡು ಮುಗಿದಾಗ ಯಾರೋ, "ಅಶ್ವತ್ಥರ ಹಾಡುಗಳಲ್ಲೆಲ್ಲಾ ಇದೇ ಒಂದನೇದು" ಎಂದರು. ಅಷ್ಟೇ ಸಾಕಾಯಿತು. ಕೈ ಒಣಗಿದರೂ ತೊಳೆಯಲು ಯಾರೂ ಏಳಲಿಲ್ಲ.

ಹೆಂಗಸರು ನಾಲ್ಕು ಜನ ಸೇರಿದರೆ ಸೀರೆ, ಒಡವೆ, ಸೊಸೆಯ ಮಾತು ಬಿಟ್ಟು ಬೇರೆ ಇಲ್ಲ ಎನ್ನುವವರು ಆವತ್ತು ಅಲ್ಲಿರಬೇಕಿತ್ತು.

ಒಬ್ಬರು ಶಿಶುನಾಳ ಶರೀಫರ ಪದಗಳಿಗೇ ಮೊದಲ ಸ್ಥಾನ ಎಂದರು. ಇನ್ನೊಬ್ಬರು ಶಿಕಾರಿಪುರದ ಕಡೆಯವರು. ಅವರಿಗೆ ಜಿ.ಎಸ್. ಶಿವರುದ್ರಪ್ಪನವರ ಕವಿತೆಯೇ ಆಗಬೇಕು. ಹೊಳೆಯೊಂದು ತಾನು ಎಂದೂ ಕಾಣದ ಸಮುದ್ರವನ್ನು ನೆನೆದು ಹಂಬಲಿಸುತ್ತದಲ್ಲ, ಆ ಹಾಡು. "ನಮ್ಮ ತಾಲ್ಲೂಕಿನ ಕವಿ ರೀ" ಎಂಬುದು ಅವರ ವಾದ. ಜಿ.ಎಸ್.ಎಸ್. 1926ರಲ್ಲಿ ಶಿಕಾರಿಪುರ ತಾಲ್ಲೂಕಿನಲ್ಲಿ ಹುಟ್ಟಿದವರು ಎಂಬುದು ನಿಜ. ಆದರೆ ಹುಟ್ಟಿದ ತಾಲ್ಲೂಕನ್ನು ನೋಡಿ ಹಾಡಿಗೆ ನಂಬರು ಕೊಡುವುದು ಹೇಗೆ? ಮೂರನೆಯವರು ಬಲು ಧೈರ್ಯದಿಂದ 'ನಿತ್ಯೋತ್ಸವ' ಎಂದರು. ಅದು ಅಶ್ವತ್ಥರದಲ್ಲ, ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ್ದು, 1978ರಲ್ಲಿ ಕ್ಯಾಸೆಟ್ ಬಂದದ್ದು ಎಂದು ನಾನು ಹೇಳಿದೆ. ಅವರಿಗೆ ಮುಖ ಸಣ್ಣದಾಯಿತು. "ಯಾರದ್ದಾದರೇನು, ಹಾಡು ಚೆನ್ನಾಗಿಲ್ವಾ?" ಎಂದರು. ಕವಿ ನಿಸಾರ್ ಅಹಮದ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು ಎಂದು ಸಮಾಧಾನ ಮಾಡಿದೆ. ಆಗಲಿಲ್ಲ. ಮೇಷ್ಟ್ರ ಕೆಲಸದವರಿಗೆ ಈ ತಿದ್ದುವ ಚಟ ಊಟಕ್ಕೆ ಕೂತಾಗಲೂ ಬಿಡುವುದಿಲ್ಲ.

ಕೊನೆಗೆ ಎಲ್ಲರೂ ಹತ್ತು ಹತ್ತು ಹಾಡುಗಳ ಪಟ್ಟಿ ಬರೆದು ಸೋಮವಾರ ಶಾಲೆಗೆ ತರಬೇಕು ಎಂದು ತೀರ್ಮಾನವಾಯಿತು. ರಾತ್ರಿ ಅಡಿಗೆಮನೆ ಕೆಲಸ ಮುಗಿಸಿ ಹಾಳೆ ಹಿಡಿದು ಕೂತಾಗಲೇ ನನಗೆ ಇದು ಎಷ್ಟು ಕಷ್ಟದ ಕೆಲಸ ಎಂದು ತಿಳಿದದ್ದು.

ಅಶ್ವತ್ಥರು 1939ರ ಡಿಸೆಂಬರ್ 29ರಂದು ಚನ್ನರಾಯಪಟ್ಟಣದಲ್ಲಿ ಹುಟ್ಟಿದರು. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡೇ ನಾಟಕಗಳಿಗೆ, ಸಿನಿಮಾಗಳಿಗೆ, ಕ್ಯಾಸೆಟ್ಟುಗಳಿಗೆ ಸಂಗೀತ ಕೊಟ್ಟರು. 2009ರಲ್ಲಿ ತಮ್ಮ ಹುಟ್ಟಿದ ದಿನದಂದೇ ತೀರಿಕೊಂಡರು. ಅವರ ಹೆಸರು ಹೇಳಿದ ಕೂಡಲೇ ನಮಗೆಲ್ಲ ನೆನಪಾಗುವುದು ಆ ದನಿ. ಎತ್ತರಕ್ಕೆ ಹೋಗಿ, ಅಲ್ಲಿ ಸ್ವಲ್ಪ ಒಡೆದು, ಒಡೆದ ಕಡೆಯಿಂದಲೇ ಮತ್ತೆ ಮೇಲೇರುವ ದನಿ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಕಾರ್ಯಕ್ರಮ ನಡೆಸಿದಾಗ ಕವಿತೆ ಕೇಳಲು ಜನ ಜಾತ್ರೆಗೆ ಬಂದಂತೆ ಬಂದರು. ಹೀಗಾಗಿ ಅಭಿಮಾನಿಗಳು ಪಟ್ಟಿ ಮಾಡಲು ಕೂತರೆ ಮೊದಲ ಐದು ಸ್ಥಾನ ಆ ದನಿಯೇ ಹಾಡಿದ ಹಾಡುಗಳಿಗೆ ಹೋಗಿಬಿಡುತ್ತದೆ. ಚಪ್ಪಾಳೆ ಬಿದ್ದ ಹಾಡಿಗೆ ಹೆಚ್ಚು ಅಂಕ.

ನನಗೆ ಇದು ಒಪ್ಪಿಗೆಯಿಲ್ಲ. ಅಶ್ವತ್ಥರ ದೊಡ್ಡತನ ಇರುವುದು ರಾಗ ಹಾಕುವುದರಲ್ಲಿ, ಅದರಲ್ಲೂ ತಮ್ಮ ದನಿಯನ್ನು ಹಿಂದಕ್ಕಿಟ್ಟು ಬೇರೆಯವರಿಂದ ಹಾಡಿಸಿದ ಕಡೆ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' ಪುಸ್ತಕವಾಗಿ ಬಂದದ್ದು 1942ರಲ್ಲಿ. ಅಶ್ವತ್ಥರು ಅದರ ಹಾಡುಗಳನ್ನು ಕ್ಯಾಸೆಟ್ ಮಾಡುವ ಹೊತ್ತಿಗೆ ಆ ಕವಿತೆಗಳಿಗೆ ನಲವತ್ತು ವರ್ಷ ದಾಟಿತ್ತು. ಅದರಲ್ಲಿ ರತ್ನಮಾಲಾ ಪ್ರಕಾಶ್ ಹಾಡಿದ 'ರಾಯರು ಬಂದರು' ಕೇಳಿ ನೋಡಿ. ಅಳಿಯ ರಾತ್ರಿ ಹೊತ್ತಿನಲ್ಲಿ ಮಾವನ ಮನೆಗೆ ಬಂದಿದ್ದಾನೆ. ಉಪಚಾರಕ್ಕೆ ಏನೂ ಕಡಿಮೆಯಿಲ್ಲ. ಹೆಂಡತಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಯಾಕೆ ಎಂಬುದು ಮನೆಯ ಹೆಂಗಸರಿಗೆಲ್ಲ ಗೊತ್ತು, ಅವನಿಗೊಬ್ಬನಿಗೆ ತಡವಾಗಿ ತಿಳಿಯುತ್ತದೆ. ಇದನ್ನು ಗಂಡಸಿನ ದನಿಯಲ್ಲಿ ಹಾಡಿದರೆ ಅಳಿಯನ ಪೇಚಾಟದ ಕತೆಯಾಗುತ್ತದೆ. ಹೆಣ್ಣಿನ ದನಿಯಲ್ಲಿ ಹಾಡಿದಾಗ ಒಳಮನೆಯಿಂದ ನೋಡಿದ ಕತೆ. ಆ ರಾಗದಲ್ಲಿ ಎಲ್ಲೂ ಆತುರವಿಲ್ಲ. ನಗು ತುಟಿಯವರೆಗೆ ಬಂದು ನಿಲ್ಲುತ್ತದೆ, ಹೊರಗೆ ಬೀಳುವುದಿಲ್ಲ. ನಮ್ಮ ಮನೆಗಳಲ್ಲಿ ಇಂಥ ವಿಷಯವನ್ನು ಹಾಗೇ ತಾನೇ ಆಡುತ್ತಿದ್ದದ್ದು? ಇದನ್ನು ತಿಳಿದು ರಾಗ ಕಟ್ಟಿದವರು ಒಬ್ಬ ಗಂಡಸು, ಕಾರ್ಖಾನೆಯ ನೌಕರ ಎನ್ನುವುದು ನನಗೆ ಇವತ್ತಿಗೂ ಸೋಜಿಗ.

ಆದ್ದರಿಂದ ನನ್ನ ಪಟ್ಟಿಯಲ್ಲಿ ಒಂದನೇದು ಬರೆಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಎರಡನೇದು ನಮ್ಮ ಶಿಕಾರಿಪುರದ ಟೀಚರ್ ಹೇಳಿದ್ದ ಜಿ.ಎಸ್.ಎಸ್. ಹಾಡೇ. ತಾಲ್ಲೂಕಿನ ಅಭಿಮಾನದಿಂದ ಅಲ್ಲ. ಅದರ ಪಲ್ಲವಿಯಲ್ಲೇ ಒಂದು ಪ್ರಶ್ನೆಯಿದೆ. ಅಶ್ವತ್ಥರು ಎಷ್ಟೇ ಸಲ ಅಲ್ಲಿಗೆ ಮರಳಿದರೂ ಅದಕ್ಕೆ ಉತ್ತರ ಸಿಕ್ಕಿತು ಅನ್ನಿಸುವ ಹಾಗೆ ಹಾಡುವುದಿಲ್ಲ. ಅವರ ಎತ್ತರದ ದನಿ ಬರೀ ಅಬ್ಬರವಾಗದೆ ಕವಿತೆಗೆ ಕೆಲಸ ಮಾಡಿಕೊಟ್ಟದ್ದು ಅಲ್ಲಿ.

ಮೂರನೇದಕ್ಕೆ ಶರೀಫರ ಪದ ಬರೆಯಲು ಹೋಗಿ ಪೆನ್ನು ನಿಂತಿತು.

ಶರೀಫರು (1819–1889) ನಮಗೆ ದೂರದವರಲ್ಲ. ಹಾನಗಲ್ಲು ನಮಗೆ ಶಿವಮೊಗ್ಗೆಗಿಂತ ಹತ್ತಿರ. ಅಲ್ಲಿಂದ ಮುಂದೆ ಶಿಗ್ಗಾಂವಿ ತಾಲ್ಲೂಕು, ಅದರಲ್ಲಿ ಶಿಶುನಾಳ. ನಮ್ಮ ಅವ್ವನ ತವರು ಹಾನಗಲ್ ಕಡೆ. ಕ್ಯಾಸೆಟ್ಟು ಹುಟ್ಟುವ ಎಷ್ಟೋ ಮೊದಲೇ ಶರೀಫರ ಪದಗಳು ಅವ್ವನ ಜೊತೆ ನಮ್ಮ ಮನೆಗೆ ಬಂದಿದ್ದವು. ಅವಳ ಸೋದರಮಾವ ಊರಿನ ಭಜನೆ ಮೇಳದಲ್ಲಿ ಏಕತಾರಿ ಹಿಡಿಯುತ್ತಿದ್ದರಂತೆ. ಭಜನೆಯ ಕ್ರಮ ನಿಮಗೆ ಗೊತ್ತಿರಬಹುದು. ಮುಂದಿನವರು ಒಂದು ಸಾಲು ಹೇಳುತ್ತಾರೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ತಾಳ ನಿಧಾನ. ಕೆಟ್ಟ ದನಿಯವನಿಗೂ ಅಲ್ಲಿ ಪಾಲಿದೆ. ಅವ್ವ ಅದೇ ಧಾಟಿಯಲ್ಲಿ ಅಕ್ಕಿ ಕೇರುತ್ತಾ, ಹಿಟ್ಟು ಜರಡಿ ಹಿಡಿಯುತ್ತಾ ಹಾಡಿಕೊಳ್ಳುತ್ತಿದ್ದಳು. ಜರಡಿ ಆಡುವ ಲೆಕ್ಕಕ್ಕೆ ಪದ ಕೂತಿರುತ್ತಿತ್ತು.

ನಾನು ಬಿ.ಎ. ಓದುವಾಗ ಮನೆಗೆ ಟೇಪ್ ರೆಕಾರ್ಡರ್ ಬಂತು. ಅದರ ಹಿಂದೆಯೇ ಶರೀಫರ ಕ್ಯಾಸೆಟ್ಟು. ಶರೀಫರ ಪದಗಳನ್ನು ಹೊರಗಿನ ಲೋಕಕ್ಕೆ ತಲುಪಿಸಲು ಹಟ ಹಿಡಿದು 'ಶರೀಫ ಭಟ್ಟರು' ಎಂದೇ ಹೆಸರಾದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರೂ, ಹಾಡಿದ ಶಿವಮೊಗ್ಗ ಸುಬ್ಬಣ್ಣನವರೂ ನಮ್ಮ ಜಿಲ್ಲೆಯವರೇ. ನಮಗೆ ಹೆಮ್ಮೆಯೋ ಹೆಮ್ಮೆ. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದ ಮೇಲಂತೂ ಕೇಳುವುದೇ ಬೇಡ. ನಾನು, ನನ್ನ ತಂಗಿ ಕ್ಯಾಸೆಟ್ಟು ಸವೆಯುವವರೆಗೆ ಹಾಕಿದೆವು. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿ ಮತ್ತೆ ಹಾಕಿದೆವು.

ಒಂದು ಸಂಜೆ ಅವ್ವ ಒಳಗೆ ತನ್ನ ಪಾಡಿಗೆ ತಾನು ಪದ ಹೇಳಿಕೊಳ್ಳುತ್ತಿದ್ದಳು. ನಾನು ಹೊರಗಿನಿಂದಲೇ ಕೂಗಿದೆ: "ಅವ್ವಾ, ಅದು ಹಂಗಲ್ಲ. ಅಶ್ವತ್ಥ್ ಹಾಡಿದ್ದು ಬೇರೆ ಥರ. ನೀನು ಹೇಳೋದು ತಪ್ಪು."

"ಹೌದೇನ? ಹಂಗಾರ ನೀವ ಹಾಡ್ರಿ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಆದರೆ ಆಮೇಲೆ ನಾವಿದ್ದಾಗ ಅವಳು ಆ ಪದಗಳನ್ನು ಹಾಡಿದ್ದು ನನಗೆ ನೆನಪಿಲ್ಲ. ಆವತ್ತು ಅದು ನನ್ನ ಗಮನಕ್ಕೂ ಬರಲಿಲ್ಲ.

ಗಮನಕ್ಕೆ ಬಂದದ್ದು ಇಪ್ಪತ್ತು ವರ್ಷಗಳಾದ ಮೇಲೆ, ಒಂದು ಪ್ರತಿಭಾ ಕಾರಂಜಿಯಲ್ಲಿ. ನಾನು ಹಾಡಿನ ಸ್ಪರ್ಧೆಗೆ ತೀರ್ಪುಗಾರಳಾಗಿ ಕೂತಿದ್ದೆ. ಪಟ್ಟಣದ ಕಡೆಯ ಹುಡುಗಿಯೊಬ್ಬಳು ಶರೀಫರ ಪದವನ್ನು ಅಶ್ವತ್ಥರು ಎಲ್ಲಿ ಎಳೆಯುತ್ತಾರೋ ಅಲ್ಲಿ ಎಳೆದು, ಎಲ್ಲಿ ದನಿ ಒಡೆಯುತ್ತಾರೋ ಅಲ್ಲಿ ಒಡೆದು ಅಚ್ಚು ಹೊಯ್ದಂತೆ ಹಾಡಿದಳು. ಆಮೇಲೆ ಬಂದ ಹಳ್ಳಿಯ ಹುಡುಗಿ ಹಾಡಿದ್ದೂ ಅದೇ ಪದ, ಆದರೆ ನಿಧಾನವಾದ, ಸಾದಾ ಧಾಟಿ. ಒಂದೊಂದು ಸಾಲಿನ ಕೊನೆಗೂ ಯಾರೋ ತಿರುಗಿ ಹೇಳಲಿ ಎಂದು ಕಾಯುವ ಹಾಗೆ ತುಸು ನಿಲ್ಲುತ್ತಿದ್ದಳು. ನಾನು ಅವಳ ಹೆಸರಿನ ಮುಂದೆ 'ಧಾಟಿ ತಪ್ಪು' ಎಂದು ಬರೆದು ಅಂಕ ಕಳೆದೆ. ಮೊದಲ ಬಹುಮಾನ ಅಚ್ಚು ಹೊಯ್ದವಳಿಗೆ ಹೋಯಿತು. ಸಂಜೆ ಬಸ್ಸಿನಲ್ಲಿ ಕೂತು ಬರುವಾಗ ಆ ಧಾಟಿ ಕಿವಿಯಿಂದ ಹೋಗಲೇ ಇಲ್ಲ. ಊರು ಹತ್ತಿರವಾದಾಗ ಗೊತ್ತಾಯಿತು, ಅದು ಅವ್ವನ ಜರಡಿಯ ಧಾಟಿ. ಆ ಹುಡುಗಿ ತನ್ನ ಅಜ್ಜಿಯಿಂದ ಕಲಿತಿದ್ದಳೋ ಏನೋ. ಕೇಳಬಹುದಿತ್ತು. ಕೇಳಲಿಲ್ಲ.

ಅಶ್ವತ್ಥರ ಮೇಲೆ ತಪ್ಪು ಹೊರಿಸುತ್ತಿದ್ದೇನೆ ಎಂದು ತಿಳಿಯಬೇಡಿ. ಆ ಕ್ಯಾಸೆಟ್ಟುಗಳು ಬರದೇ ಇದ್ದರೆ ಮೈಸೂರು, ಮಂಗಳೂರಿನ ಕಡೆಯ ಎಷ್ಟು ಮನೆಗಳಿಗೆ ಶರೀಫರು ಹೋಗುತ್ತಿದ್ದರು? ಅವರು ತಮಗೆ ಕಂಡ ಹಾಗೆ ಒಂದು ರಾಗ ಹಾಕಿದರು, ಚೆನ್ನಾಗಿಯೇ ಹಾಕಿದರು. ಇದೊಂದೇ ಸರಿ, ಉಳಿದದ್ದೆಲ್ಲ ತಪ್ಪು ಎಂದದ್ದು ಅವರಲ್ಲ, ಕೇಳಿದ ನಾವು. ನಂಬರು ಕೊಟ್ಟವರು ನಾವು. ಆದರೂ ವಿಮರ್ಶೆಯ ಮಾತನ್ನು ಬಿಡಲಾರೆ. ಅವರ ಶರೀಫ ಕೇಳುವವರಿಗೆ ಹೊಂದುತ್ತಾನೆ, ಜೊತೆಗೂಡಿ ಹೇಳುವವರಿಗೆ ಅಷ್ಟಾಗಿ ಹೊಂದುವುದಿಲ್ಲ. ಆ ಎತ್ತರಕ್ಕೆ ನಮ್ಮಂಥವರ ದನಿ ಹೋಗುವುದಿಲ್ಲ. ಪದ ಭಜನೆಯ ಜಗುಲಿಯಿಂದ ವೇದಿಕೆಗೆ ಹತ್ತಿತು, ನಾವು ಕೆಳಗೆ ಕುರ್ಚಿಯಲ್ಲಿ ಕೂತೆವು.

ಇದೇ ಪ್ರಶ್ನೆ ನಾಡಗೀತೆಯ ವಿಷಯದಲ್ಲಿ ಕೋರ್ಟಿನವರೆಗೂ ಹೋದದ್ದು ನಿಮಗೆ ನೆನಪಿರಬಹುದು. ನಮ್ಮ ಜಿಲ್ಲೆಯ ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಅನಂತಸ್ವಾಮಿಯವರದೂ ಒಂದು ಧಾಟಿ, ಅಶ್ವತ್ಥರದೂ ಒಂದು ಧಾಟಿ. ಎರಡಕ್ಕೂ ಅಭಿಮಾನಿಗಳು. ಅನಂತಸ್ವಾಮಿಯವರು 1995ರಲ್ಲೇ ಹೋಗಿದ್ದರು, ಅಶ್ವತ್ಥರೂ ಹೋದರು, ವಾದ ಮಾತ್ರ ಉಳಿಯಿತು. ಗಾಯಕಿ ಎಚ್.ಆರ್. ಲೀಲಾವತಿಯವರ ಸಮಿತಿ ಶಿಫಾರಸು ಮಾಡಿದ ಮೇಲೆ, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲೇ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶ ಮಾಡಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2024ರಲ್ಲಿ ಹೈಕೋರ್ಟು ವಜಾ ಮಾಡಿತು.

ಅಶ್ವತ್ಥರ ಅಭಿಮಾನಿಯಾಗಿಯೂ ನನಗೆ ಈ ಆದೇಶದ ಬಗ್ಗೆ ತಕರಾರಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ನಿಂತ ಒಂದನೇ ಕ್ಲಾಸಿನ ಮಗುವಿಗೂ ಎಟುಕುವ ಧಾಟಿ ಅನಂತಸ್ವಾಮಿಯವರದು. ಅಶ್ವತ್ಥರದು ಪಳಗಿದ ಗಂಟಲು ಕೇಳುತ್ತದೆ. ನೂರಾರು ಮಕ್ಕಳು ಒಟ್ಟಿಗೆ ಹೇಳಬೇಕಾದ ಹಾಡಿಗೆ ಒಂದೇ ಧಾಟಿ ಬೇಕೇ ಬೇಕು, ಇಲ್ಲದಿದ್ದರೆ ಪ್ರಾರ್ಥನೆ ಸಂತೆಯಾಗುತ್ತದೆ. ಆದರೆ ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಹಾಡಿಕೊಳ್ಳುವವಳಿಗೆ ಯಾವ ಆದೇಶ? ಅಲ್ಲಿ ಆದೇಶ ಹೊರಡಿಸಿದವಳು ನಾನು.

ಅವ್ವ ತೀರಿಕೊಂಡು ಹನ್ನೊಂದು ವರ್ಷವಾಯಿತು. ತಂಗಿಗೆ ಫೋನು ಮಾಡಿ, "ಅವ್ವ ಹೇಳ್ತಿದ್ದ ಪದದ ಧಾಟಿ ನೆನಪಿದೆಯೇನೇ?" ಎಂದು ಕೇಳಿದೆ. "ಇಷ್ಟು ಹೊತ್ತಿನಲ್ಲಿ ಎಬ್ಬಿಸಿ ಕೇಳೋ ಮಾತಾ ಅಕ್ಕಾ ಇದು?" ಎಂದು ಬೈದಳು. ಆಮೇಲೆ ಅವಳೇ ಮೆಲ್ಲಗೆ ಶುರು ಮಾಡಿದಳು. ಎರಡು ಸಾಲು ಬಂತು. ಮೂರನೇ ಸಾಲಿಗೆ ಇಬ್ಬರೂ ಅಶ್ವತ್ಥರ ಧಾಟಿಗೆ ಜಾರಿಬಿಟ್ಟೆವು. ಮತ್ತೆ ಮೊದಲಿಂದ ಹೇಳಿದೆವು, ಮತ್ತೆ ಅಲ್ಲೇ ಜಾರಿದೆವು. ಮೂರು ಸಲ ನೋಡಿ, "ಮಲಗು ಅಕ್ಕಾ, ನಾಳೆ ಸ್ಕೂಲಿಲ್ವಾ?" ಎಂದು ಫೋನು ಇಟ್ಟಳು.

ಸೋಮವಾರ ಮಧ್ಯಾಹ್ನ ಟೀಚರ್ಸ್ ರೂಮಿನಲ್ಲಿ ಪಟ್ಟಿಗಳೆಲ್ಲ ಸೇರಿದವು. ಆರು ಪಟ್ಟಿಗಳಲ್ಲಿ ನಾಲ್ಕರಲ್ಲಿ ಶರೀಫರ ಪದವೇ ಮೊದಲು. 'ನಿತ್ಯೋತ್ಸವ'ದ ಟೀಚರ್ ಪಟ್ಟಿಯಲ್ಲಿ ಮತ್ತೆ 'ನಿತ್ಯೋತ್ಸವ'ವೇ ಒಂದನೇದು. ಯಾರೂ ತಿದ್ದಲು ಹೋಗಲಿಲ್ಲ, ನಾನಂತೂ ಬಾಯಿ ಬಿಡಲಿಲ್ಲ. ನನ್ನ ಹಾಳೆ ಓದಿದ ಶಿಕಾರಿಪುರದವರು, "ಇದೇನು ಟೀಚರ್, ಮೂರನೇದರಲ್ಲಿ 'ಅವ್ವನ ಪದ' ಅಂತ ಬರೆದಿದ್ದೀರಲ್ಲ?" ಎಂದರು. ಹೀಗೆ ಹೀಗೆ ಎಂದು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಆದರೂ ಇದು ಅಶ್ವತ್ಥರದಲ್ಲವಲ್ಲ" ಎಂದರು.

ಅದೂ ನಿಜವೇ. ಹಾಳೆ ಹಿಂದಕ್ಕೆ ತೆಗೆದುಕೊಂಡು, ಅದನ್ನು ಹೊಡೆದುಹಾಕಿ, 1997ರ 'ನಾಗಮಂಡಲ' ಸಿನಿಮಾದ ಹಾಡೊಂದನ್ನು ಆ ಜಾಗದಲ್ಲಿ ಬರೆದುಕೊಟ್ಟೆ. ಅಷ್ಟರಲ್ಲಿ ಬೆಲ್ ಆಯಿತು.